ಆಫೀಸ್ ಸಮಾರಂಭದ ಊಟದಿಂದ ಮಾಂಸ ತೆಗೆಯಬೇಕೇ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಸುಮಾರು 300 ಜನ ಇದ್ದೇವೆ. ತರಬೇತಿ, ವಾರ್ಷಿಕ ಸಭೆ, ಅತಿಥಿಗಳ ಭೇಟಿ ಎಂದು ವರ್ಷಕ್ಕೆ ಹದಿನೈದಿಪ್ಪತ್ತು ಸಲ ಹೊರಗಿನಿಂದ ಕೇಟರಿಂಗ್ ಊಟ ತರಿಸುತ್ತೇವೆ. ಇನ್ನು ಮುಂದೆ ಸಂಸ್ಥೆ ಹಣ ಕೊಡುವ ಯಾವ ಊಟದಲ್ಲೂ ಮಾಂಸ ಇರಬಾರದು ಎಂದು ಪರಿಸರ ಸಮಿತಿ ಶಿಫಾರಸು ಮಾಡಿದೆ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು. ಏರ್ಪಾಡಿನ ಹೊಣೆ ನನ್ನ ಮೇಲಿದೆ. ಇದು ಸರಿಯೇ? ಸರಿ ಎನ್ನುವುದಾದರೆ ಜಾರಿಗೆ ತರುವುದು ಹೇಗೆ?

ಉತ್ತರ: ಪೂರ್ತಿ ನಿಷೇಧ ಬೇಡ. ಮಾಂಸವಿಲ್ಲದ ಊಟವನ್ನೇ ಮಾಮೂಲಿ ಊಟ ಮಾಡಿ, ಮಾಂಸ ಬೇಕಾದವರು ಮೊದಲೇ ಹೇಳಿ ಪಡೆಯಲಿ. ದನ ಮತ್ತು ಕುರಿ ಮಾಂಸವನ್ನು ಮಾತ್ರ ಮೆನುವಿನಿಂದ ತೆಗೆದುಬಿಡಬಹುದು. ಇಷ್ಟು ಮಾಡಿದರೆ ಸಮಿತಿ ಬಯಸಿದ್ದರಲ್ಲಿ ಬಹುಪಾಲು ಸಿಗುತ್ತದೆ, ಮನಸ್ತಾಪವೂ ಕಡಿಮೆ. ಆದರೆ ಅಡುಗೆ ಮತ್ತು ಎಣಿಕೆ ಕೆಟ್ಟರೆ ಎಷ್ಟು ಒಳ್ಳೆಯ ನಿಯಮವಾದರೂ ಮೂರನೇ ಸಮಾರಂಭಕ್ಕೆ ಕುಸಿದು ಬೀಳುತ್ತದೆ. ಹಾಗಾಗಿ ಈ ಉತ್ತರದ ಹೆಚ್ಚಿನ ಭಾಗ ಅಡುಗೆ ಮತ್ತು ಎಣಿಕೆಯ ಬಗ್ಗೆಯೇ ಇದೆ.

ಮೊದಲು ಸಮಿತಿಯ ಹತ್ತಿರ ಒಂದು ಮಾತು ಕೇಳಿ: ಮಾಂಸ ಬೇಡ ಎನ್ನುವುದು ಯಾತಕ್ಕೆ? ಹವಾಮಾನಕ್ಕಾಗಿಯೇ, ಪ್ರಾಣಿಗಳ ಮೇಲಿನ ಕಾಳಜಿಗಾಗಿಯೇ, ಎಲ್ಲ ಧರ್ಮದವರೂ ಒಂದೇ ಕಡೆ ಕೂತು ಉಣ್ಣಲಿ ಎಂದೇ, ಅಥವಾ ಖರ್ಚು ಉಳಿಸಲಿಕ್ಕೆಯೇ? ಒಂದೊಂದು ಕಾರಣವೂ ಒಂದೊಂದು ಮೆನುವಿಗೆ ಒಯ್ಯುತ್ತದೆ. ಪ್ರಾಣಿಗಳ ಕಾಳಜಿ ಎಂದರೆ ಮೊಟ್ಟೆ, ಹಾಲಿನ ಪ್ರಶ್ನೆಯೂ ಏಳುತ್ತದೆ. ಎಲ್ಲರಿಗೂ ಸಲ್ಲುವ ಊಟ ಎಂದರೆ ಸೂಪಿಗೆ ಹಾಕುವ ಮೂಳೆಯ ಸಾರು, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದು ಸಿಹಿತಿಂಡಿಗೆ ಹಾಕುವ ಜೆಲಟಿನ್, ಸಾಸ್‌ನಲ್ಲಿರುವ ಮೀನು, ಅಡುಗೆಗೆ ಸುರಿಯುವ ವೈನ್ ಎಲ್ಲವನ್ನೂ ನೋಡಬೇಕು. ಚೀಸ್‌ನಲ್ಲೂ ಕೆಲವಕ್ಕೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪಾರ್ಮಿಜಾನೊ ರೆಜಾನೊ ಎಂಬ ಇಟಲಿಯ ಚೀಸ್‌ಗೆ ಅದು ಕಡ್ಡಾಯ. ಕಾರಣ ನಿಚ್ಚಳವಾಗದೆ ಬರೀ ‘ಮಾಂಸವಿಲ್ಲದ ಊಟ’ ಎಂದು ಕೇಟರಿಂಗ್‌ನವರಿಗೆ ಹೇಳಿದರೆ, ಅವರು ಕೋಳಿ ತೆಗೆದು ಆ ಜಾಗದಲ್ಲಿ ಚೀಸ್ ಸುರಿಯುತ್ತಾರೆ. ನಿಮ್ಮ ಸಮಿತಿ ಪರಿಸರ ಸಮಿತಿಯಾದ್ದರಿಂದ ಈ ಚೀಸ್‌ನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಕೃಷಿ ಫಾರ್ಮ್‌ಗಳ ಮಾಹಿತಿ ಕಲೆಹಾಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಜಾಗತಿಕ ಸರಾಸರಿಯ ಪ್ರಕಾರ, ಮಾಂಸಕ್ಕೆಂದೇ ಸಾಕಿದ ದನದ ಒಂದು ಕಿಲೋ ಮಾಂಸದ ಹಿಂದೆ ಸುಮಾರು 100 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ಹೈನು ಹಿಂಡಿನ ದನದ ಮಾಂಸಕ್ಕೆ ಸುಮಾರು 33, ಕುರಿಗೆ 40, ಚೀಸ್‌ಗೆ 24, ಹಂದಿಗೆ 12, ಕೋಳಿಗೆ 10, ಮೊಟ್ಟೆಗೆ 5, ಸೋಯಾ ಹಾಲಿನಿಂದ ಮಾಡುವ ತೋಫುಗೆ 3, ಬೇಳೆಕಾಳಿಗೆ 2ಕ್ಕಿಂತ ಕಡಿಮೆ. ಈಗ 100 ಜನರ ಊಟ ಹಾಕಿ ನೋಡಿ. ತಲೆಗೆ 120 ಗ್ರಾಂ ಮೂಳೆಯಿಲ್ಲದ ಹಸಿ ಕೋಳಿ ಎಂದರೆ 12 ಕಿಲೋ, ಅನಿಲ ಸುಮಾರು 120 ಕಿಲೋ. ಅದರ ಬದಲು ತಲೆಗೆ 80 ಗ್ರಾಂ ಚೀಸ್ ಬಿದ್ದರೆ 8 ಕಿಲೋ, ಅನಿಲ ಸುಮಾರು 190 ಕಿಲೋ. ಮಾಂಸ ಹೋಯಿತು, ಹೊರೆ ಹೆಚ್ಚಾಯಿತು! ಅದೇ ತಲೆಗೆ 60 ಗ್ರಾಂ ಒಣ ಬೇಳೆಕಾಳು ಹಾಕಿದರೆ 6 ಕಿಲೋ, ಅನಿಲ ಸುಮಾರು 11 ಕಿಲೋ. 12 ಕಿಲೋ ದನದ ಮಾಂಸಕ್ಕೆ ಇದೇ ಲೆಕ್ಕ 400ರಿಂದ 1,200 ಕಿಲೋವರೆಗೆ ಹೋಗುತ್ತದೆ. ಇವು ಜಾಗತಿಕ ಸರಾಸರಿಗಳು. ಫಾರ್ಮ್‌ನಿಂದ ಫಾರ್ಮ್‌ಗೆ ಬಹಳ ಅಂತರವಿದ್ದರೂ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವ ಸಾಲು ಹೆಚ್ಚು ಏರುಪೇರಾಗುವುದಿಲ್ಲ.

ದನ, ಕುರಿ ಮಾಂಸವನ್ನಷ್ಟೇ ಪೂರ್ತಿ ತೆಗೆಯಿರಿ ಎನ್ನುವುದು ಈ ಲೆಕ್ಕದಿಂದಲೇ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ, ಅವುಗಳ ಮೇವಿಗೆ ಅಪಾರ ನೆಲ ಬೇಕಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕೇಟರಿಂಗ್ ವಿಭಾಗ 2016ರಲ್ಲಿ ಈ ಎರಡು ಮಾಂಸಗಳನ್ನು ಕೈಬಿಟ್ಟು, ಸಸ್ಯಾಹಾರದ ಬಗೆಗಳನ್ನು ಹೆಚ್ಚಿಸಿತು. ಕೋಳಿಯನ್ನು ಬಿಡಲಿಲ್ಲ. ಕೊಂಡ ಆಹಾರದ ಪ್ರತಿ ಕಿಲೋಗೆ ಇಂಗಾಲದ ಹೊರೆ ಶೇ 33ರಷ್ಟು, ನೆಲದ ಬಳಕೆ ಶೇ 28ರಷ್ಟು ಇಳಿಯಿತು ಎಂದು 2019ರಲ್ಲಿ ವರದಿ ಮಾಡಿತು. ನಿಷೇಧದ ಮಾತೆತ್ತದೆ ಸಿಕ್ಕ ಫಲ ಅದು ಎನ್ನುವಂತಿಲ್ಲ, ಎರಡು ಮಾಂಸ ನಿಂತೇ ಹೋದವು. ಆದರೆ ಮಾಂಸ ತಿನ್ನುವವರ ತಟ್ಟೆ ಖಾಲಿಯಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಾರು ಏನು ತಿನ್ನುತ್ತಾರೆ ಎನ್ನುವುದು ಹಲವು ಸಮಾಜಗಳಲ್ಲಿ ಹುಟ್ಟಿನ, ಧರ್ಮದ, ಸಮುದಾಯದ ಗುರುತು. ದನದ ಮಾಂಸವನ್ನು ಮಾತ್ರ ತೆಗೆದು ಕುರಿಯದನ್ನು ಬಿಟ್ಟರೆ ಕೆಲವರಿಗೆ ಅದು ಇಂಗಾಲದ ಲೆಕ್ಕವಾಗಿ ಕಾಣುವುದಿಲ್ಲ, ತಮ್ಮ ಮನೆಯ ಊಟದ ಮೇಲೆ ಕೊಟ್ಟ ತೀರ್ಪಾಗಿ ಕಾಣುತ್ತದೆ. ತೆಗೆದರೆ ಎರಡನ್ನೂ ಒಟ್ಟಿಗೆ ತೆಗೆಯಿರಿ, ಕಾರಣವನ್ನು ಅಂಕಿಯ ಸಮೇತ ಬರೆಯಿರಿ. ಸುತ್ತೋಲೆಯಲ್ಲಿ ‘ಶುದ್ಧ’, ‘ಸಾತ್ವಿಕ’, ‘ಪವಿತ್ರ’ ಎಂಬ ಮಾತುಗಳು ಒಂದು ಕಡೆಯೂ ಬರಕೂಡದು. ‘ಶುದ್ಧ ಸಸ್ಯಾಹಾರ’ ನಮ್ಮ ಬಾಯಿಗೆ ರೂಢಿಯಾಗಿಬಿಟ್ಟಿದೆ. ಅದನ್ನು ಓದುವ ಇನ್ನೊಬ್ಬರಿಗೆ ‘ನಿನ್ನದು ಅಶುದ್ಧ’ ಎಂದು ಕೇಳಿಸುತ್ತದೆ, ಹಾಗೆ ಕೇಳಿಸಿದರೆ ತಪ್ಪು ಅವರದಲ್ಲ.

ನಿಷೇಧ ಎಲ್ಲಿಯವರೆಗೆ ಸಲ್ಲುತ್ತದೆ? ಊಟ ಹಾಕುವವರು ಮೆನು ಆರಿಸುವುದರಲ್ಲಿ ಅನ್ಯಾಯವಿಲ್ಲ. ಎರಡು ಗಂಟೆಯ ಸಭೆಯ ನಡುವಿನ ತಿಂಡಿ, ಒಂದು ಹೊತ್ತಿನ ಊಟ ಪೂರ್ತಿ ಸಸ್ಯಾಹಾರವಾದರೆ ಯಾರ ಹಕ್ಕೂ ಹೋಗುವುದಿಲ್ಲ. ಬೇಡದವರು ಹೊರಗೆ ಹೋಗಿ ತಿಂದು ಬರಬಹುದು. ಮೂರು ದಿನದ ತರಬೇತಿ ಶಿಬಿರ, ರಾತ್ರಿ ಪಾಳಿ, ಊರಾಚೆಯ ಕೆಲಸದ ಜಾಗ ಹಾಗಲ್ಲ. ಅಲ್ಲಿ ನೀವು ಕೊಟ್ಟದ್ದೇ ಊಟ, ಬೇರೆ ದಾರಿಯೇ ಇರುವುದಿಲ್ಲ. ಅಂಥ ಕಡೆ ಕೇಳಿದವರಿಗೆ ಮಾಂಸ ಸಿಗಲೇಬೇಕು. ನೌಕರರು ತಾವೇ ತಂದ ಡಬ್ಬಿ, ಪ್ರವಾಸದಲ್ಲಿ ತಾವೇ ಆರಿಸಿ ತಿಂದ ಊಟದ ಬಿಲ್ಲು ಇವುಗಳಿಗಂತೂ ಕೈ ಹಾಕಬೇಡಿ. 2018ರಲ್ಲಿ ಆಫೀಸ್ ಜಾಗ ಬಾಡಿಗೆಗೆ ಕೊಡುವ ವಿವರ್ಕ್ ಕಂಪನಿ ತನ್ನ ಸಮಾರಂಭಗಳಲ್ಲಿ ಮಾಂಸ ನಿಲ್ಲಿಸಿದ್ದಲ್ಲದೆ, ನೌಕರರು ಹೊರಗೆ ತಿಂದ ಮಾಂಸದೂಟದ ಖರ್ಚನ್ನೂ ತುಂಬಿಕೊಡುವುದಿಲ್ಲ ಎಂದಿತು. ಮೊದಲನೆಯದು ಆತಿಥೇಯರ ಆಯ್ಕೆ. ಎರಡನೆಯದು ನೌಕರರ ತಟ್ಟೆಗೇ ಕೈ ಹಾಕಿದಂತೆ. ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿದರೆ ಎರಡನೆಯದರ ಸಿಟ್ಟು ಮೊದಲನೆಯದನ್ನೂ ನುಂಗುತ್ತದೆ.

ಈಗ ನೋಂದಣಿ ಫಾರ್ಮ್. ಇಡೀ ಬದಲಾವಣೆಯ ಕೀಲಿ ಇರುವುದು ಅಲ್ಲೇ. ಡೆನ್ಮಾರ್ಕ್‌ನ ಸಂಶೋಧಕರು ಸಮ್ಮೇಳನಗಳ ನೋಂದಣಿಯಲ್ಲಿ ಮೂರು ಪ್ರಯೋಗ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸದೂಟ ಮಾಮೂಲಿಯಾಗಿ, ಸಸ್ಯಾಹಾರ ಬೇಕಾದವರು ತಿಳಿಸಬೇಕಾಗಿದ್ದಾಗ ಸಸ್ಯಾಹಾರ ಆರಿಸಿದವರು ಶೇ 2ರಿಂದ 12.5. ಅದನ್ನೇ ತಿರುಗಿಸಿ, ಸಸ್ಯಾಹಾರವನ್ನು ಮಾಮೂಲಿ ಮಾಡಿ ಮಾಂಸ ಬೇಕಾದವರು ತಿಳಿಸಿ ಎಂದಾಗ ಸಸ್ಯಾಹಾರಕ್ಕೆ ಉಳಿದವರು ಶೇ 86ರಿಂದ 89. ಯಾರಿಗೂ ಏನನ್ನೂ ನಿಷೇಧಿಸಿರಲಿಲ್ಲ. ಹೆಚ್ಚಿನವರಿಗೆ ಒಂದು ಹೊತ್ತಿನ ಊಟದ ಬಗ್ಗೆ ಅಷ್ಟು ಹಟ ಇರುವುದಿಲ್ಲ, ಚೆನ್ನಾಗಿದ್ದರೆ ಸಾಕು.

ನಿಮ್ಮ ಫಾರ್ಮ್‌ನಲ್ಲಿ ಹೀಗೆ ಬರೆಯಿರಿ: ‘ಈ ಕಾರ್ಯಕ್ರಮದ ಊಟದಲ್ಲಿ ಮಾಂಸ, ಮೀನು ಇರುವುದಿಲ್ಲ, ಹಾಲಿನ ಪದಾರ್ಥ ಇರುತ್ತದೆ, ಮೊಟ್ಟೆ ಇರಬಹುದು. ಕೋಳಿ ಅಥವಾ ಮೀನಿನ ಊಟ ಬೇಕಿದ್ದರೆ ಇಲ್ಲಿ ಗುರುತು ಹಾಕಿ. ಹಾಲು, ಮೊಟ್ಟೆ ಇಲ್ಲದ ಊಟ ಬೇಕಿದ್ದರೆ ಇಲ್ಲಿ. ಅಲರ್ಜಿ ಅಥವಾ ಆರೋಗ್ಯದ ಕಾರಣಕ್ಕೆ ಬಿಡಬೇಕಾದ ಪದಾರ್ಥ ಇದ್ದರೆ ಇಲ್ಲಿ ಬರೆಯಿರಿ.’ ಇಷ್ಟೇ. ಯಾಕೆ ಬೇಕು ಎಂದು ಕೇಳಬೇಡಿ, ಮೇಲಧಿಕಾರಿಯ ಒಪ್ಪಿಗೆ ಬೇಕೆನ್ನಬೇಡಿ, ‘ದಯವಿಟ್ಟು ಭೂಮಿಯ ಬಗ್ಗೆ ಯೋಚಿಸಿ’ ಎಂದು ಪಕ್ಕದಲ್ಲಿ ಬರೆಯಬೇಡಿ. ಅಲರ್ಜಿಯ ಪಟ್ಟಿ ನಿಮ್ಮ ಮತ್ತು ಅಡುಗೆಯವರ ನಡುವೆಯೇ ಇರಲಿ, ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಹೆಸರು ಹಾಕಿ ಕಳಿಸಬಾರದು. ಐದು ಕೆಲಸದ ದಿನ ಮೊದಲು ಎಣಿಕೆ ಮುಗಿಸಿದರೆ ಅಡುಗೆಯವರಿಗೆ ಸಾಮಾನು ತರಲು ಸಮಯ ಸಿಗುತ್ತದೆ.

ಎಣಿಕೆ ಸರಿಯಾಗಿದ್ದೂ ಊಟ ಕೆಡುವುದು ಬಡಿಸುವಾಗ. 120 ಜನರಲ್ಲಿ 18 ಜನ ಕೋಳಿ ಕೇಳಿದ್ದಾರೆ ಎನ್ನಿ. ಆ 18 ಪಾಲನ್ನು ಬಫೆಯ ಮೇಜಿನ ಮೇಲೆ ತೆರೆದಿಟ್ಟರೆ ಸಾಲಿನಲ್ಲಿ ಮೊದಲು ಬಂದವರು ಒಂದೊಂದು ಸೌಟು ಹಾಕಿಕೊಳ್ಳುತ್ತಾರೆ, ಕೇಳಿದವರು ಬರುವ ಹೊತ್ತಿಗೆ ಟ್ರೇಯ ತಳ ಕಾಣುತ್ತಿರುತ್ತದೆ. ಅದಕ್ಕೆ 20 ಪಾಲು ಮಾಡಿಸಿ, ಬಡಿಸುವವರ ಕೈಯಲ್ಲೇ ಇಟ್ಟು, ಹೆಸರಿನ ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಗುರುತು ಇರುವವರಿಗೆ ಕೊಡಿಸಿ. ಬಡಿಸುವ ಜಾಗ ಅದೇ ಸಾಲಿನಲ್ಲಿರಲಿ. ಮೂಲೆಯಲ್ಲಿ ಬೇರೆ ಮೇಜು ಹಾಕಿ ‘ಮಾಂಸಾಹಾರ’ ಎಂದು ಬೋರ್ಡ್ ತೂಗುಹಾಕಿದರೆ ಅಲ್ಲಿಗೆ ನಡೆದು ಹೋಗುವುದೇ ಮುಜುಗರವಾಗುತ್ತದೆ.

ಇನ್ನೂ ಹಳೆಯ ಪದ್ಧತಿಯಲ್ಲೇ, ಎರಡೂ ಬಗೆಯನ್ನು ತೆರೆದಿಡುವ ಸಮಾರಂಭಗಳೂ ಕೆಲವು ಉಳಿದಿರಬಹುದು. ಅಲ್ಲಿ ಇದರ ತಿರುವುಮುರುವು ಆಗುತ್ತದೆ. ನೋಂದಣಿಯಲ್ಲಿ 20 ಜನ ಸಸ್ಯಾಹಾರಿಗಳು ಎಂದು 20 ಪಾಲು ಮಾಡಿಸಿದರೆ, ಮಾಂಸ ತಿನ್ನುವವರೂ ಅದನ್ನು ಪಕ್ಕಕ್ಕೆ ಬಡಿಸಿಕೊಂಡು ತಡವಾಗಿ ಬಂದ ಸಸ್ಯಾಹಾರಿಗಳಿಗೆ ಬರೀ ಬ್ರೆಡ್ಡು, ಸಲಾಡ್ ಉಳಿಯುತ್ತದೆ. ಹೇಳಿದ ಸಂಖ್ಯೆಯ ಎರಡರಷ್ಟು ಪಾಲು ಮಾಡಿಸಿ, ಬಗೆಗಳಲ್ಲಿ ಕಡೇಪಕ್ಷ ಅರ್ಧ ಮಾಂಸವಿಲ್ಲದ್ದಿರಲಿ. ಕೇಂಬ್ರಿಜ್‌ನ ಮೂರು ಕಾಲೇಜು ಕೆಫೆಟೇರಿಯಾಗಳಲ್ಲಿ 94,322 ಊಟಗಳನ್ನು ಲೆಕ್ಕ ಹಿಡಿದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದಿದ್ದ ಸಸ್ಯಾಹಾರದ ಬಗೆಯನ್ನು ನಾಲ್ಕರಲ್ಲಿ ಎರಡಕ್ಕೆ ಏರಿಸಿದಾಗ ಅದರ ಮಾರಾಟದಲ್ಲಿ ಆದ ಏರಿಕೆ ಕಡೇಪಕ್ಷ ಶೇ 41, ಹೆಚ್ಚೆಂದರೆ ಶೇ 79 ಇತ್ತು.

ಅಡುಗೆಗೆ ಬರೋಣ. ‘ಸಸ್ಯಾಹಾರ ತಿಂದರೆ ಹೊಟ್ಟೆ ತುಂಬುವುದಿಲ್ಲ’ ಎಂಬ ದೂರನ್ನು ಹಟ ಎಂದು ತಳ್ಳಿಹಾಕಬೇಡಿ, ಬಹುಮಟ್ಟಿಗೆ ಅದು ನಿಜವಾದ ದೂರು. ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿದ್ದು, ಹುರಿದ ಬದನೆ, ಅಣಬೆಯ ಸಾಸ್ ನೋಡಲು ಚೆಂದ, ಆದರೆ ಅವುಗಳಲ್ಲಿ ಪ್ರೋಟೀನ್ ತೀರಾ ಕಡಿಮೆ. ಉಂಡವರಿಗೆ ಮೂರು ಗಂಟೆಗೆ ಮತ್ತೆ ಹಸಿವು, ಜೊತೆಗೆ ತೂಕಡಿಕೆ. ಕೇಟರಿಂಗ್‌ನವರ ಹತ್ತಿರ ಅಳತೆ ಹಾಕಿಯೇ ಮಾತಾಡಿ: ತಲೆಗೆ 20 ಗ್ರಾಂ ಪ್ರೋಟೀನ್ ಬೇಕು. 60 ಗ್ರಾಂ ಒಣ ಬೇಳೆಕಾಳಿನಿಂದ ಸುಮಾರು 14 ಗ್ರಾಂ, 80 ಗ್ರಾಂ ಒಣ ಧಾನ್ಯದಿಂದ 7 ಗ್ರಾಂ, ಅಲ್ಲಿಗೆ ಮುಗಿಯಿತು. ಬೇಯಿಸಿದ ಮೇಲೆ ಆ 60 ಗ್ರಾಂ ಕಾಳು ಸುಮಾರು 150 ಗ್ರಾಂ ಆಗುತ್ತದೆ, ಎಂದರೆ ಒಂದು ಸಣ್ಣ ಸೌಟಲ್ಲ, ಎರಡು. ಸೌಟು ಚಿಕ್ಕದಾದರೆ ಲೆಕ್ಕವೂ ಚಿಕ್ಕದಾಗುತ್ತದೆ, ಮೊದಲ ಸಮಾರಂಭದಲ್ಲಿ ಬಡಿಸುವ ಸೌಟನ್ನು ತೂಕ ಮಾಡಿಯೇ ನೋಡಿ. ಮುಖ್ಯ ಬಗೆ ಎರಡಿರಲಿ, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ತೋಫು ಅಥವಾ ಮೊಟ್ಟೆ. ಕಾಳು ತಿಂದರೆ ಹೊಟ್ಟೆಯುಬ್ಬರ ಬರುವವರು, ಸೋಯಾ ಆಗದವರು ಇಬ್ಬರಿಗೂ ಆಗ ದಾರಿ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅನ್ನ, ಬ್ರೆಡ್ಡು, ಆಲೂಗೆಡ್ಡೆ ಮೂರೂ ಒಂದೇ ತಟ್ಟೆಗೆ ಬೀಳುವ ಮೆನು ಕೆಟ್ಟದ್ದು. ಸಸ್ಯಾಹಾರದ ಬಫೆಗಳಲ್ಲಿ ಇದು ಬಹಳ ಸಾಮಾನ್ಯ ತಪ್ಪು.

ಮಾಂಸ ಇಲ್ಲದಿದ್ದರೆ ಊಟ ತಾನಾಗಿಯೇ ಸುರಕ್ಷಿತ ಎಂಬ ನಂಬಿಕೆ ಅಪಾಯದ್ದು. ಕಾಳು ಬೇಯಿಸಿ ಅಭ್ಯಾಸವಿಲ್ಲದ ಅಡುಗೆಮನೆಯಲ್ಲಿ ಕೆಂಪು ರಾಜ್ಮಾ ಒಂದು ಉದಾಹರಣೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದಂಶ ಹೆಚ್ಚಿರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಕಡೇಪಕ್ಷ ಐದು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. ಕುದಿಯುವ ನೀರಿನಲ್ಲಿ 10 ನಿಮಿಷಕ್ಕೆ ವಿಷ ನಾಶವಾಗುತ್ತದೆ, ಆದರೆ ದೊಡ್ಡ ಪಾತ್ರೆಯಲ್ಲಿ ಎಲ್ಲ ಕಾಳಿಗೂ ಅಷ್ಟು ಬಿಸಿ ತಟ್ಟಲು 30 ನಿಮಿಷ ಇಟ್ಟುಕೊಳ್ಳುವುದು ಒಳ್ಳೆಯದು. ಸಣ್ಣ ಉರಿಯ ಸ್ಲೋ ಕುಕ್ಕರ್‌ನಲ್ಲಿ ಹಸಿ ರಾಜ್ಮಾ ಹಾಕಲೇಬಾರದು. ಅದು 100 ಡಿಗ್ರಿ ಮುಟ್ಟದೆ 80ರ ಆಸುಪಾಸಿನಲ್ಲೇ ಉಳಿದರೆ ವಿಷ ಇಳಿಯುವ ಬದಲು ಏರುತ್ತದೆ. ಡಬ್ಬಿಯಲ್ಲಿ ಬರುವ ರಾಜ್ಮಾ ಮೊದಲೇ ಬೆಂದಿರುವುದರಿಂದ ಚಿಂತೆಯಿಲ್ಲ.

ಅನ್ನದ ಅಪಾಯ ಬೇರೆ ಬಗೆಯದು. ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ, ಅನ್ನ ಉಗುರುಬೆಚ್ಚಗೆ ಕೂತರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆ ದಾಟಿದ್ದನ್ನು ಎಸೆಯಬೇಕು. ಭಾಷಣ ಉದ್ದವಾಗಿ ಊಟ ತಡವಾಗುವುದು ಸಮಾರಂಭಗಳಲ್ಲಿ ಮಾಮೂಲಿ. ಹಾಗಾಗಿ ಟ್ರೇಗಳನ್ನು ಒಮ್ಮೆಗೇ ತೆರೆಯದೆ ಅರ್ಧರ್ಧ ತುಂಬಿ ತರಲು ಹೇಳಿ. ಅಡುಗೆಯವರ ಹತ್ತಿರ ಚುಚ್ಚಿ ನೋಡುವ ಥರ್ಮಾಮೀಟರ್ ಇದೆಯೇ ಎಂದೂ ಕೇಳಿ. ಇಲ್ಲ ಎಂದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಅಲರ್ಜಿಯ ವಿಷಯ ಮಾಂಸ ತೆಗೆದಾಗ ಸುಲಭವಾಗುವುದಿಲ್ಲ, ಬಿಗಿಯಾಗುತ್ತದೆ. ಕೋಳಿ ಆಗದವರು ಅಪರೂಪ. ಅದರ ಜಾಗಕ್ಕೆ ಬರುವ ಸೋಯಾ, ಗೋಧಿಯ ಗ್ಲುಟನ್, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಎಳ್ಳು, ಹಾಲು, ಮೊಟ್ಟೆ ಇವೆಲ್ಲ ಅಲರ್ಜಿಯ ಪಟ್ಟಿಯಲ್ಲಿ ಮುಂದಿರುವವು. ಐರೋಪ್ಯ ಒಕ್ಕೂಟ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳನ್ನು ಪಟ್ಟಿ ಮಾಡಿದೆ. ಅಮೆರಿಕದ ಪಟ್ಟಿಗೆ 2023ರಲ್ಲಿ ಎಳ್ಳು ಸೇರಿ 9 ಆಯಿತು. ನಿಮ್ಮ ದೇಶದ ಪಟ್ಟಿ ಚಿಕ್ಕದಾಗಿದ್ದರೂ ಆ 14ನ್ನೇ ಆಧಾರವಾಗಿಟ್ಟುಕೊಳ್ಳಿ. ಪ್ರತಿ ಟ್ರೇ ಮುಂದೆ ಹೆಸರು ಮತ್ತು ಅಲರ್ಜಿ ಪದಾರ್ಥಗಳ ಚೀಟಿ ಇರಲಿ, ಪ್ರತಿ ಟ್ರೇಗೂ ಬೇರೆ ಸೌಟಿರಲಿ. ಬೀಜದ ಸಾಸ್‌ನ ಸೌಟು ಪಕ್ಕದ ಟ್ರೇಗೆ ಹೋಯಿತೆಂದರೆ ಚೀಟಿ ಇದ್ದೂ ಉಪಯೋಗವಿಲ್ಲ.

ಚೀಟಿಯ ಮೇಲೆ ಏನು ಬರೆಯುತ್ತೀರಿ ಎನ್ನುವುದೂ ಕೆಲಸ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಫೆಟೇರಿಯಾವೊಂದರಲ್ಲಿ ಅದೇ ತರಕಾರಿಗೆ ದಿನಕ್ಕೊಂದು ಬಗೆಯ ಹೆಸರಿಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. ಬಾಯಲ್ಲಿ ನೀರೂರಿಸುವ ಹೆಸರಿದ್ದ ದಿನ ಅದನ್ನು ಹಾಕಿಕೊಂಡವರು, ಬರೀ ತರಕಾರಿಯ ಹೆಸರಿದ್ದ ದಿನಕ್ಕಿಂತ ಶೇ 25 ಹೆಚ್ಚು. ‘ಕೊಬ್ಬು ಕಡಿಮೆ, ಸಕ್ಕರೆ ಇಲ್ಲ’ ಎಂಬಂಥ ಹೆಸರಿದ್ದ ದಿನಕ್ಕಿಂತ ಶೇ 41 ಹೆಚ್ಚು. ಹಾಗಾಗಿ ‘ಮಾಂಸರಹಿತ’ ಎಂದು ದೊಡ್ಡಕ್ಷರದಲ್ಲಿ ಬರೆಯುವುದು ಬೇಡ, ‘ಬೆಳ್ಳುಳ್ಳಿ ಹಾಕಿ ನಿಧಾನ ಉರಿಯಲ್ಲಿ ಬೇಯಿಸಿದ ಕಡಲೆ’ ಎಂದು ಬರೆಯಿರಿ. ಸಸ್ಯಾಹಾರಿಗಳಿಗೆ ಬೇಕಾದ ಗುರುತು ಮೂಲೆಯಲ್ಲಿ ಸಣ್ಣದಾಗಿದ್ದರೆ ಸಾಕು.

ಖರ್ಚಿನ ಬಗ್ಗೆ ಒಂದೇ ಮಾತು. ಕಾಳು, ಧಾನ್ಯದ ಮೆನು ಸಾಮಾನ್ಯವಾಗಿ ಅಗ್ಗ, ಮಾಂಸದಂತೆ ಕಾಣುವ ತಯಾರಿಕೆಗಳು ಕೋಳಿಗಿಂತ ದುಬಾರಿಯಾಗುವುದುಂಟು. ಉಳಿದ ಹಣವನ್ನು ಆ ಊಟಕ್ಕೇ ಹಾಕಿ: ಒಳ್ಳೆಯ ಎಣ್ಣೆ, ತಾಜಾ ಹಣ್ಣು, ಇನ್ನೊಂದು ಬಗೆ. ಮಾಂಸದ ಜೊತೆ ಬಜೆಟ್ಟೂ ಕಡಿತವಾದರೆ ಜನ ಇದನ್ನು ಪರಿಸರದ ಹೆಸರಿನ ಜಿಪುಣತನ ಎಂದೇ ಓದುತ್ತಾರೆ, ಹಾಗೆ ಓದಿದರೆ ಅವರ ಜೊತೆ ವಾದಿಸಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.

ಎಲ್ಲ ಸಮಾರಂಭಕ್ಕೂ ಒಂದೇ ದಿನ ಜಾರಿ ಮಾಡಬೇಡಿ. ಮೊದಲು ಮೂರು ಮಧ್ಯಾಹ್ನದೂಟದ ಸಭೆಗಳಲ್ಲಿ ಮಾಡಿ ನೋಡಿ. ಪ್ರತಿ ಸಲ ಊಟ ಮುಗಿದ ಮೇಲೆ ಎರಡು ತೂಕ ತೆಗೆಯಿರಿ: ಟ್ರೇಗಳಲ್ಲಿ ಮುಟ್ಟದೆ ಉಳಿದದ್ದು ಎಷ್ಟು, ತಟ್ಟೆಗಳಿಂದ ಡಬ್ಬಕ್ಕೆ ಬಿದ್ದದ್ದು ಎಷ್ಟು. ಟ್ರೇಯಲ್ಲಿ ಉಳಿದರೆ ಎಣಿಕೆ ತಪ್ಪಿದೆ, ಮುಂದಿನ ಸಲ ಪಾಲು ಇಳಿಸಿ. ತಟ್ಟೆಯಲ್ಲಿ ಉಳಿದರೆ ಅಡುಗೆ ತಪ್ಪಿದೆ, ಆ ಬಗೆಯನ್ನೇ ಬದಲಿಸಿ. ಕೋಳಿ ಕೇಳಿದವರ ಸಂಖ್ಯೆ ಮೂರು ಸಭೆಗಳಲ್ಲಿ ಏರುತ್ತಾ ಹೋದರೆ ಜನರಿಗೆ ನಿಮ್ಮ ಸಸ್ಯಾಹಾರ ರುಚಿಸಿಲ್ಲ ಎಂದರ್ಥ, ಆಗ ಸುತ್ತೋಲೆ ತಿದ್ದುವ ಮೊದಲು ಕೇಟರಿಂಗ್‌ನವರನ್ನು ಕರೆಸಿ ಕೂರಿಸಿ. ಸಂಖ್ಯೆ ಇದ್ದಲ್ಲೇ ನಿಂತರೆ ಅಥವಾ ಇಳಿದರೆ ಉಳಿದ ಸಮಾರಂಭಗಳಿಗೂ ವಿಸ್ತರಿಸಿ, ಶಿಬಿರಗಳನ್ನು ಕೊನೆಗೆ ಇಟ್ಟುಕೊಳ್ಳಿ.